ಲ್ಯಾಪ್‌ಟಾಪ್ ಕುದಿಯುತ್ತಿದೆಯೇ, ಫ್ಯಾನ್ ಕೂಗುತ್ತಿದೆಯೇ? ಮಲೆನಾಡಿನಲ್ಲಿ ಫ್ರಿಜ್ ಸಲಹೆ ಪಾಲಿಸುವ ಮೊದಲು ಇದನ್ನು ಓದಿ

ಲ್ಯಾಪ್‌ಟಾಪ್ ಬಿಸಿಯಾದರೆ ಹತ್ತು ನಿಮಿಷ ಫ್ರಿಜ್‌ನಲ್ಲಿಡಿ. ಅಡಿಗೆ ಐಸ್ ಪ್ಯಾಕ್ ಕೊಡಿ. ಫ್ಯಾನ್ ಸದ್ದು ಮಾಡಿದರೆ ಒಂದು ಹನಿ ಕೊಬ್ಬರಿ ಎಣ್ಣೆ ಬಿಡಿ. ದೂಳು ಕಟ್ಟಿದ್ದರೆ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ. ಈ ಧಾಟಿಯ ಸಲಹೆಗಳು ವಾಟ್ಸಾಪ್‌ನಲ್ಲೂ ಚಿಕ್ಕ ವಿಡಿಯೊಗಳಲ್ಲೂ ವರ್ಷವಿಡೀ ಸುತ್ತುತ್ತವೆ. ನಿಮ್ಮ ಮನೆಯ ಗ್ರೂಪಿಗೂ ಒಂದಾದರೂ ಬಂದಿರುತ್ತದೆ. ಕೆಲವು ನಿರುಪದ್ರವಿ. ಕೆಲವು ಮಾತ್ರ ಲ್ಯಾಪ್‌ಟಾಪನ್ನೇ ಕೊಲ್ಲುವಂಥವು, ಅದರಲ್ಲೂ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ.

ಈ ಮೂರು ತಾಲ್ಲೂಕುಗಳನ್ನೇ ಹೆಸರಿಸುವುದಕ್ಕೆ ಕಾರಣವಿದೆ. 2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನಿಂದ ಊರಿಗೆ ಬಂದ ಸಾಫ್ಟ್‌ವೇರ್ ಮಂದಿಯಲ್ಲಿ ಕೆಲವರು ಇಲ್ಲೇ ಉಳಿದು ಜಗುಲಿಯಿಂದಲೇ ಕೆಲಸ ಮಾಡುತ್ತಿದ್ದಾರೆ. ಆಗ ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತಿದ ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ. ಅವರ ಓದು, ಅರ್ಜಿ, ಸಂದರ್ಶನ ಎಲ್ಲವೂ ಒಂದೇ ಲ್ಯಾಪ್‌ಟಾಪಿನಲ್ಲಿ. ಅದು ಕೆಟ್ಟರೆ ಹೆಚ್ಚಿನ ಕಂಪನಿಗಳ ಸರ್ವಿಸ್ ಸೆಂಟರ್‌ಗಾಗಿ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಬಸ್ಸು ಹತ್ತಬೇಕು. ಬಿಡಿಭಾಗ ಬರುವವರೆಗೆ ಕಾಯಬೇಕು. ಅಷ್ಟು ದಿನ ಕೆಲಸಕ್ಕೆ ಏನು ಹೇಳುವುದು ಎಂಬ ಚಿಂತೆ ಬೇರೆ. ಇನ್ನೊಂದು ಕಾರಣ ಹವೆ. ಮಳೆ ಬರಲೆಂದೂ, ಅತಿಯಾದಾಗ ನಿಲ್ಲಲೆಂದೂ ಕಿಗ್ಗದ ಋಷ್ಯಶೃಂಗೇಶ್ವರನಿಗೆ ಜನ ಮೊರೆಹೋಗುವ ಸೀಮೆಯಿದು. ಒಣ ಹವೆಯ ದೇಶಗಳಲ್ಲಿ, ಎ.ಸಿ. ಕೋಣೆಗಳಲ್ಲಿ ಕೂತು ಮಾಡಿದ ವಿಡಿಯೊಗಳ ಲೆಕ್ಕ ಇಲ್ಲಿ ಹೊಂದುವುದಿಲ್ಲ.

ಬಿಸಿ ಬರುವುದೆಲ್ಲಿಂದ, ಹೋಗುವುದೆಲ್ಲಿಗೆ?

ಲ್ಯಾಪ್‌ಟಾಪ್ ಬಳಸುವ ವಿದ್ಯುತ್ತು ಕಡೆಗೆ ಬಹುಪಾಲು ಶಾಖವಾಗಿಯೇ ಹೊರಬರುತ್ತದೆ. ತೆಳ್ಳನೆಯ ಲ್ಯಾಪ್‌ಟಾಪಿನ ಪ್ರೊಸೆಸರ್ ಸಾಮಾನ್ಯವಾಗಿ 15 ವ್ಯಾಟ್ ಆಸುಪಾಸಿನದು, ಗೇಮಿಂಗ್ ಯಂತ್ರದ್ದು 45 ವ್ಯಾಟ್ ಅಥವಾ ಇನ್ನೂ ಹೆಚ್ಚು. ಸಂಖ್ಯೆ ಚಿಕ್ಕದಾಗಿ ಕಾಣಬಹುದು. ಆದರೆ ಆ ಶಾಖವೆಲ್ಲ ಹುಟ್ಟುವುದು ಉಗುರಿನಷ್ಟಗಲದ ಸಿಲಿಕಾನ್ ತುಣುಕಿನಲ್ಲಿ. ಅಲ್ಲಿಂದ ಅದನ್ನು ಕೂಡಲೇ ಸಾಗಿಸದಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಚಿಪ್ ತನ್ನ ಮಿತಿ ಮುಟ್ಟುತ್ತದೆ.

ಸಾಗಿಸುವ ಕೆಲಸ ತಾಮ್ರದ ಚಪ್ಪಟೆ ಕೊಳವೆಯದು. ಅದರೊಳಗೆ ಒಂದಿಷ್ಟೇ ದ್ರವ ಇರುತ್ತದೆ, ಹೆಚ್ಚಾಗಿ ನೀರೇ. ಚಿಪ್ಪಿನ ಕಡೆ ಅದು ಆವಿಯಾಗಿ, ಇನ್ನೊಂದು ತುದಿಗೆ ಓಡಿ, ಅಲ್ಲಿ ತಣಿದು ಮತ್ತೆ ನೀರಾಗಿ ಹಿಂದಿರುಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹಬೆ ಹನಿಯಾಗುವುದು ಇದೇ ತತ್ವ. ಆ ತುದಿಯಲ್ಲಿ ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ಜೋಡಿಸಿದ ತೆಳು ಲೋಹದ ಹಾಳೆಗಳಿವೆ. ಫ್ಯಾನ್ ಅಡಿಯಿಂದ ಗಾಳಿ ಎಳೆದು ಈ ಹಲ್ಲುಗಳ ಸಂದಿಯಲ್ಲಿ ನುಗ್ಗಿಸಿ ಪಕ್ಕದಿಂದಲೋ ಹಿಂದಿನಿಂದಲೋ ಹೊರಗೆ ದಬ್ಬುತ್ತದೆ. ಇಷ್ಟೇ ವ್ಯವಸ್ಥೆ. ಒಳಬರುವ ಗಾಳಿಗಿಂತ ಲ್ಯಾಪ್‌ಟಾಪ್ ಎಂದೂ ತಂಪಾಗಲಾರದು. ಗಾಳಿ ಎಷ್ಟು ತಂಪು, ಅದರ ದಾರಿ ಎಷ್ಟು ಸರಾಗ ಎನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಒಂದು ಸುಲಭ ಲೆಕ್ಕ ಹಾಕೋಣ. ಒಂದು ಕೆಲಸ ಮಾಡುವಾಗ ನಿಮ್ಮ ಚಿಪ್ ಸುತ್ತಲಿನ ಗಾಳಿಗಿಂತ 60 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ ಎಂದುಕೊಳ್ಳಿ. ಏಪ್ರಿಲ್‌ನ ಕಲಬುರಗಿಯಲ್ಲಿ, 40 ಡಿಗ್ರಿಯ ಮಧ್ಯಾಹ್ನ, ಅದು 100 ಡಿಗ್ರಿ ಮುಟ್ಟುತ್ತದೆ. ಅಲ್ಲಿ ಫ್ಯಾನ್ ಕೂಗಿದರೆ ಆಶ್ಚರ್ಯವಿಲ್ಲ. ಅದೇ ಯಂತ್ರ, ಅದೇ ಕೆಲಸ, ಜುಲೈನ ಕೊಪ್ಪದಲ್ಲಿ 22 ಡಿಗ್ರಿಯ ಗಾಳಿಯಲ್ಲಿ 82ಕ್ಕೆ ನಿಲ್ಲಬೇಕು. ಲ್ಯಾಪ್‌ಟಾಪಿನ ಮಟ್ಟಿಗೆ ಮಲೆನಾಡು ತಂಪಾದ, ಅನುಕೂಲದ ಜಾಗ. ಹಾಗಿದ್ದೂ ಕಂಬಳಿ ಹೊದ್ದು ಕೂರುವ ಮಳೆಯ ದಿನದಲ್ಲಿ ನಿಮ್ಮ ಲ್ಯಾಪ್‌ಟಾಪ್ ಕುದಿಯುತ್ತಿದ್ದರೆ ಹವೆಯನ್ನು ದೂರುವಂತಿಲ್ಲ. ಗಾಳಿಯ ದಾರಿ ಎಲ್ಲೋ ಕಟ್ಟಿದೆ, ಇಲ್ಲವೇ ನಿಮಗೆ ಗೊತ್ತಿಲ್ಲದ ಯಾವುದೋ ಕೆಲಸ ಒಳಗೆ ನಡೆಯುತ್ತಿದೆ. ಹೊರಗಿನಿಂದ ಇನ್ನಷ್ಟು ತಂಪು ಕೊಟ್ಟರೆ ಈ ಎರಡೂ ಸರಿಹೋಗುವುದಿಲ್ಲ.

ಅಂದ ಹಾಗೆ, 82 ಡಿಗ್ರಿ ಎಂದು ಗಾಬರಿ ಬೇಡ. ಇಂಟೆಲ್‌ನ ಹೆಚ್ಚಿನ ಲ್ಯಾಪ್‌ಟಾಪ್ ಚಿಪ್‌ಗಳ ಮಿತಿ 100 ಡಿಗ್ರಿ ಸೆಲ್ಸಿಯಸ್, ಎಎಂಡಿಯವುಗಳದ್ದು 95ರಿಂದ 105ರ ನಡುವೆ. ಮಿತಿ ಹತ್ತಿರವಾದರೆ ಚಿಪ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ನಿಧಾನವಾಗುವುದು ಇದರಿಂದಲೇ. ಆದರೂ ಏರುತ್ತಲೇ ಹೋದರೆ ಯಂತ್ರ ಪೂರ್ತಿ ಆಫ್ ಆಗುತ್ತದೆ. ‘ಬಿಸಿಗೆ ಲ್ಯಾಪ್‌ಟಾಪ್ ಸ್ಫೋಟಿಸುತ್ತದೆ’ ಎಂಬ ಫಾರ್ವರ್ಡ್ ಚಿಪ್ಪಿನ ವಿಚಾರದಲ್ಲಿ ಸುಳ್ಳು. ಬ್ಯಾಟರಿಯ ಕಥೆ ಬೇರೆ, ಅದನ್ನು ಕೊನೆಗೆ ನೋಡೋಣ.

ಫ್ರಿಜ್ ಮತ್ತು ಇಬ್ಬನಿ

ಈಗ ಫ್ರಿಜ್‌ಗೆ ಬರೋಣ. ಮಳೆಗಾಲದಲ್ಲಿ ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿಯನ್ನು ಮೇಜಿನ ಮೇಲಿಟ್ಟರೆ ಎರಡೇ ನಿಮಿಷದಲ್ಲಿ ಅದರ ಮೈಯೆಲ್ಲ ಹನಿ. ಆ ನೀರು ಬಾಟಲಿಯೊಳಗಿಂದ ಬಂದದ್ದಲ್ಲ, ಕೋಣೆಯ ಗಾಳಿಯಿಂದ ಇಳಿದದ್ದು. ಬಾಟಲಿಯ ಜಾಗದಲ್ಲಿ ಲ್ಯಾಪ್‌ಟಾಪ್ ಇದೆ ಎಂದುಕೊಳ್ಳಿ. ಹನಿಗಳು ಹೊರಮೈಯಲ್ಲಷ್ಟೇ ಅಲ್ಲ, ಒಳಗಿನ ತಾಮ್ರದ ಮೇಲೆ, ಸರ್ಕ್ಯೂಟ್ ಬೋರ್ಡಿನ ಮೇಲೆ, ಬ್ಯಾಟರಿಯ ಕನೆಕ್ಟರಿನ ಮೇಲೂ ಕೂರುತ್ತವೆ.

ಅಂಕಿಗಳಲ್ಲಿ ಹೇಳುವುದಾದರೆ, 22 ಡಿಗ್ರಿ ಉಷ್ಣತೆ, ಶೇ 95ರಷ್ಟು ತೇವಾಂಶ ಇರುವ ಗಾಳಿಯ ಪ್ರತಿ ಘನ ಮೀಟರಿನಲ್ಲಿ ಸುಮಾರು 18 ಗ್ರಾಂ ನೀರಾವಿ ಇರುತ್ತದೆ. ಅದೇ ಗಾಳಿ 5 ಡಿಗ್ರಿಗೆ ತಣಿದರೆ 7 ಗ್ರಾಂಗಿಂತ ಹೆಚ್ಚು ಹಿಡಿದಿಟ್ಟುಕೊಳ್ಳಲಾರದು. ಉಳಿದದ್ದು ನೀರಾಗಿ ಇಳಿಯಲೇಬೇಕು. ಗಾಳಿ ಯಾವ ಉಷ್ಣತೆಗೆ ತಣಿದರೆ ಹನಿ ಕಟ್ಟತೊಡಗುತ್ತದೋ ಅದನ್ನು ಇಬ್ಬನಿ ಬಿಂದು ಎನ್ನುತ್ತಾರೆ. ಮೇಲೆ ಹೇಳಿದ ಮಳೆಯ ದಿನದಲ್ಲಿ ಅದು ಸುಮಾರು 21 ಡಿಗ್ರಿ. ಅಂದರೆ ಕೋಣೆಯ ಗಾಳಿಗಿಂತ ಒಂದೆರಡು ಡಿಗ್ರಿ ತಣ್ಣಗಿರುವ ಯಾವ ವಸ್ತುವಾದರೂ ಬೆವರುತ್ತದೆ. ಮಳೆ ಹಿಡಿದಾಗ ಕಲ್ಲಿನ ನೆಲ, ಸಿಮೆಂಟಿನ ನೆಲ ಬೆವರುವುದನ್ನು ನೀವು ಕಂಡೇ ಇರುತ್ತೀರಿ. 40 ಡಿಗ್ರಿ ಬಿಸಿಲು, ಶೇ 20ರ ತೇವಾಂಶದ ಒಣ ಹವೆಯಲ್ಲಿ ಇಬ್ಬನಿ ಬಿಂದು 13 ಡಿಗ್ರಿಯ ಆಸುಪಾಸು. ಅಲ್ಲಿ ಒದ್ದೆ ಬಟ್ಟೆಯ ತಂಪಿನಿಂದ ಲ್ಯಾಪ್‌ಟಾಪ್ ಬೆವರಲಿಕ್ಕಿಲ್ಲ, ಆದರೆ ಫ್ರಿಜ್ ಅಲ್ಲಿಯೂ ತಪ್ಪೇ.

ಆಪಲ್ ತನ್ನ ಮ್ಯಾಕ್‌ಬುಕ್‌ಗಳ ವಿವರಪಟ್ಟಿಯಲ್ಲಿ ಬಳಸುವ ಜಾಗದ ಉಷ್ಣತೆ 10ರಿಂದ 35 ಡಿಗ್ರಿ, ತೇವಾಂಶ ಶೇ 90ರವರೆಗೆ ಎಂದು ಕೊಟ್ಟು, ಹನಿ ಕಟ್ಟಬಾರದು ಎಂಬ ಷರತ್ತನ್ನೂ ಜೊತೆಗಿಟ್ಟಿದೆ. ಇತರ ಕಂಪನಿಗಳ ಕೈಪಿಡಿಗಳಲ್ಲೂ ಇಂಥದೇ ಮಾತು ಇರುತ್ತದೆ. ಸಣ್ಣ ಅಕ್ಷರದಲ್ಲಿರುವ ಆ ಷರತ್ತು ಮಲೆನಾಡಿನವರಿಗೆಂದೇ ಬರೆದಂತಿದೆ.

ಇದರಿಂದ ಇನ್ನೊಂದು ವಿಷಯ ಹೊರಡುತ್ತದೆ, ಮೊದಲಿಗೆ ವಿಚಿತ್ರ ಎನಿಸಬಹುದು. ಮಳೆಗಾಲದಲ್ಲಿ ಲ್ಯಾಪ್‌ಟಾಪಿನ ಹದವಾದ ಬಿಸಿ ಅದಕ್ಕೆ ಒಳ್ಳೆಯದೇ. ಒಳಭಾಗ ಸುತ್ತಲಿನ ಗಾಳಿಗಿಂತ ಬೆಚ್ಚಗಿರುವಷ್ಟು ಹೊತ್ತು ಅಲ್ಲಿ ಹನಿ ಕಟ್ಟುವುದಿಲ್ಲ. ದಿನವೂ ಒಂದೆರಡು ಗಂಟೆ ಓಡುವ ಲ್ಯಾಪ್‌ಟಾಪಿಗಿಂತ, ಬೀರುವಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿಟ್ಟ ಲ್ಯಾಪ್‌ಟಾಪಿಗೆ ಹಸಿರುಗಟ್ಟಿದ ತಾಮ್ರ, ಬೂಷ್ಟು, ಕೆಲಸ ಮಾಡದ ಕೀಲಿಗಳ ಅಪಾಯ ಜಾಸ್ತಿ. ಚರ್ಮದ ಚಪ್ಪಲಿ, ಬೆಲ್ಟುಗಳಿಗೆ ಆಷಾಢದಲ್ಲಿ ಆಗುವ ಗತಿಯೇ ಅದಕ್ಕೂ. ಬಳಸದಿದ್ದರೂ ವಾರಕ್ಕೊಂದು ಸಲ ಆನ್ ಮಾಡಿ ಅರ್ಧ ಗಂಟೆ ಓಡಿಸಿ. ಬೀರುವಿನಲ್ಲಿಡಲೇಬೇಕಾದರೆ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ಅಕ್ಕಿ ಡಬ್ಬಿ ಬೇಡ. ಅಕ್ಕಿ ತೇವ ಹೀರುವುದು ಬಹಳ ಕಡಿಮೆ, ಅದರ ಪುಡಿ ಮಾತ್ರ ಸಂದಿಗಳಲ್ಲಿ ಸೇರುತ್ತದೆ.

ಸದ್ದಿನಲ್ಲಿ ಬಗೆಗಳಿವೆ

ಫ್ಯಾನ್ ಸದ್ದನ್ನು ಜನ ರೋಗ ಎಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಅದು ರೋಗವಲ್ಲ, ಲಕ್ಷಣ. ಏದುಸಿರು ಬಿಡುವವನ ಬಾಯಿ ಮುಚ್ಚಿದರೆ ಅವನಿಗೆ ಆರಾಮವಾಗುವುದಿಲ್ಲವಲ್ಲ? ಫ್ಯಾನನ್ನು ಆಪ್ ಮೂಲಕ ನಿಲ್ಲಿಸುವ, ಅದರ ವೇಗ ತಗ್ಗಿಸಿ ‘ಸೈಲೆಂಟ್’ ಮಾಡುವ ಸಲಹೆಗಳು ಆ ಜಾತಿಯವು. ಫ್ಯಾನಿನ ವೇಗ ದುಪ್ಪಟ್ಟಾದರೆ ಗಾಳಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಏರುತ್ತದೆ. ಕಿವಿಗೆ ಅದು ದುಪ್ಪಟ್ಟಿಗಿಂತ ಎಷ್ಟೋ ಜೋರು. ಹಾಗಾಗಿ ಬಿಸಿ ಸ್ವಲ್ಪ ಕಡಿಮೆಯಾದರೂ ಸದ್ದು ಎದ್ದು ಕಾಣುವಷ್ಟು ಇಳಿಯುತ್ತದೆ. ಸದ್ದು ಕಡಿಮೆ ಮಾಡುವ ಸರಿಯಾದ ದಾರಿ ಬಿಸಿ ಕಡಿಮೆ ಮಾಡುವುದೇ.

ಕಿವಿಗೊಟ್ಟು ಕೇಳಿದರೆ ಅರ್ಧ ರೋಗನಿರ್ಣಯ ಮನೆಯಲ್ಲೇ ಆಗುತ್ತದೆ. ‘ಸುಯ್’ ಎಂದು ಒಂದೇ ಸಮನೆ ಬರುವುದು ಗಾಳಿಯ ಸದ್ದು. ಫ್ಯಾನ್ ಚೆನ್ನಾಗಿದೆ, ಅದಕ್ಕೆ ಕೆಲಸ ಜಾಸ್ತಿಯಾಗಿದೆ ಅಷ್ಟೆ. ‘ಗರಗರ’ ಎಂದರೆ, ಅದರಲ್ಲೂ ಲ್ಯಾಪ್‌ಟಾಪನ್ನು ಓರೆ ಮಾಡಿದಾಗ ಸದ್ದು ಬದಲಾದರೆ, ಬೇರಿಂಗ್ ಸವೆದಿದೆ. ‘ಟಕಟಕ’ ಎಂದರೆ ರೆಕ್ಕೆಗೆ ಏನೋ ತಾಗುತ್ತಿದೆ. ಒಳಗಿನ ವೈರ್ ಇರಬಹುದು, ಕಸ ಇರಬಹುದು, ಒಳಹೊಕ್ಕ ಹುಳು ಕೂಡ ಇರಬಹುದು. ಹಳೆಯ ಯಂತ್ರವಾದರೆ ಟಕಟಕ ಹಾರ್ಡ್ ಡಿಸ್ಕಿನದೂ ಆಗಿರಬಹುದು. ಆಗ ಫ್ಯಾನ್ ಚಿಂತೆ ಬಿಟ್ಟು ಮೊದಲು ಫೋಟೊ, ದಾಖಲೆಗಳನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡುವಾಗ ಮಾತ್ರ ‘ಗುಂಯ್’ ಎಂದರೆ ಅಡಾಪ್ಟರನ್ನು ಕಿವಿಯ ಹತ್ತಿರ ಹಿಡಿದು ನೋಡಿ. ಅಗ್ಗದ ಇನ್ವರ್ಟರ್‌ಗಳ ವಿದ್ಯುತ್ ಅಲೆ ನಯವಾಗಿಲ್ಲದ್ದರಿಂದ ಅಡಾಪ್ಟರ್ ಗುನುಗುತ್ತದೆ, ಅದಕ್ಕೂ ಫ್ಯಾನಿಗೂ ಸಂಬಂಧವಿಲ್ಲ.

ಬೇರಿಂಗ್ ಸವೆದಿದ್ದರೆ ಎಣ್ಣೆ ಬಿಡಬಹುದೇ? ಹೊಲಿಗೆ ಯಂತ್ರದ ತೆಳು ಎಣ್ಣೆಯ ಒಂದು ಹನಿ ಕೆಲವು ಫ್ಯಾನ್‌ಗಳನ್ನು ಕೆಲವು ದಿನ ಸುಮ್ಮನಾಗಿಸುವುದುಂಟು, ಆಮೇಲೆ ಅದು ದೂಳನ್ನು ಹಿಡಿದು ಅಂಟಾಗುತ್ತದೆ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ನಿಮ್ಮ ಬಚ್ಚಲುಮನೆಯ ಎಣ್ಣೆ ಬಾಟಲಿಯನ್ನು ತಲೆಕೆಳಗು ಮಾಡಿ ನೋಡಿ, ಆ ಬೆಣ್ಣೆಯಂಥದ್ದು ಫ್ಯಾನಿನ ಬೇರಿಂಗಿನಲ್ಲಿದ್ದರೆ ಹೇಗೆಂದು ಊಹಿಸಿ. ಫ್ಯಾನನ್ನೇ ಬದಲಿಸುವುದು ಲ್ಯಾಪ್‌ಟಾಪಿನ ಬೆಲೆಯೆದುರು ಸಣ್ಣ ಖರ್ಚು.

ಮಲೆನಾಡಿನ ದೂಳು ಬೇರೆ

ಹೊಸ ಲ್ಯಾಪ್‌ಟಾಪ್ ಒಂದೆರಡು ವರ್ಷದಲ್ಲಿ ಕೂಗತೊಡಗಿದರೆ ನಾವು ಮೊದಲು ಅನುಮಾನಿಸುವುದು ಆ ಬಾಚಣಿಗೆ ಹಲ್ಲುಗಳನ್ನು. ಬಯಲುಸೀಮೆಯ ದೂಳು ಒಣಮಣ್ಣು, ಊದಿದರೆ ಹಾರುತ್ತದೆ. ನಮ್ಮಲ್ಲಿ ಹಾಗಲ್ಲ. ಬಚ್ಚಲೊಲೆಯ ಹೊಗೆ, ಅಡಿಕೆ ಬೇಯಿಸುವ ಒಲೆಯ ಮಸಿ, ಊದುಬತ್ತಿ, ಸೊಳ್ಳೆ ಬತ್ತಿ, ಒಗ್ಗರಣೆಯ ಎಣ್ಣೆ ಆವಿ ಇವೆಲ್ಲ ಜಿಡ್ಡು. ಅದರ ಮೇಲೆ ಕಂಬಳಿಯ ನವಿರು, ನಾಯಿ ಬೆಕ್ಕಿನ ಕೂದಲು, ಅಡಿಕೆ ಸುಲಿಯುವ ಕಾಲದಲ್ಲಿ ಸಿಪ್ಪೆಯ ನಾರಿನ ಪುಡಿ, ಹಳೆಯ ಮನೆಯಾದರೆ ಅಟ್ಟದ ತೊಲೆಯನ್ನು ಹುಳು ಕೊರೆದು ಉದುರಿಸುವ ಮರದ ಹೊಟ್ಟು. ಕೊನೆಗೆ ಮಳೆಗಾಲದ ತೇವ ಬಂದು ಎಲ್ಲವನ್ನೂ ಸೇರಿಸಿ ತಟ್ಟುತ್ತದೆ. ಆ ಹಲ್ಲುಗಳ ಬಾಯಿಗೆ ಹಾಸಿದಂತೆ ಒಂದು ತೆಳು ಕಂಬಳಿಯೇ ಸಿದ್ಧ. ಫ್ಯಾನ್ ಎಷ್ಟು ತಿರುಗಿದರೂ ಗಾಳಿ ಆಚೆ ಹೋಗುವುದಿಲ್ಲ, ಹೊರಬರುವುದು ಸದ್ದು ಮಾತ್ರ.

ಪರೀಕ್ಷೆ ಸುಲಭ. ಫ್ಯಾನ್ ಜೋರಾಗಿ ತಿರುಗುವಾಗ ಗಾಳಿ ಹೊರಬರುವ ಕಿಂಡಿಯ ಮುಂದೆ ಅಂಗೈ ಹಿಡಿಯಿರಿ. ಸದ್ದು ಜೋರಿದ್ದು ಗಾಳಿ ಬಡಕಲಾಗಿದ್ದರೆ ದಾರಿ ಕಟ್ಟಿದೆ. ಸದ್ದೂ ಜೋರು, ಬಿಸಿಗಾಳಿಯೂ ಜೋರು ಎಂದರೆ ದಾರಿ ಸರಿಯಿದೆ, ಒಳಗೆ ಕೆಲಸ ಹೆಚ್ಚಾಗಿದೆ. ಸದ್ದೂ ಇಲ್ಲ, ಗಾಳಿಯೂ ಇಲ್ಲ, ಮೈ ಮಾತ್ರ ಸುಡುತ್ತಿದೆ ಎಂದರೆ ಫ್ಯಾನ್ ನಿಂತಿರಬಹುದು, ಕೆಲಸ ನಿಲ್ಲಿಸಿ ರಿಪೇರಿಗೆ ಕೊಡಿ. (2020ರ ನಂತರದ ಮ್ಯಾಕ್‌ಬುಕ್ ಏರ್‌ನಂಥ ಕೆಲವು ಮಾದರಿಗಳಲ್ಲಿ ಫ್ಯಾನೇ ಇರುವುದಿಲ್ಲ. ಅವುಗಳಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ.)

ಶುಚಿ ಮಾಡುವುದರಲ್ಲಿ ಹೆಚ್ಚು ಹಾನಿ ಮಾಡುವುದು ಪಂಕ್ಚರ್ ಅಂಗಡಿಯ ಕಂಪ್ರೆಸರ್. ಅದು ಗಾಳಿಯನ್ನು ಒತ್ತಿ ತುಂಬುವಾಗ ಗಾಳಿಯ ತೇವ ಟ್ಯಾಂಕಿನಲ್ಲಿ ನೀರಾಗಿ ನಿಲ್ಲುತ್ತದೆ. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಆ ನೀರು, ಯಂತ್ರದ ಎಣ್ಣೆ ಎರಡೂ ಗಾಳಿಯ ಜೊತೆ ಲ್ಯಾಪ್‌ಟಾಪಿನೊಳಗೆ ಸಿಡಿಯುತ್ತವೆ. ಜೊತೆಗೆ ಟಯರಿಗೆ ಬೇಕಾದ ಒತ್ತಡಕ್ಕೆ ಸಿಕ್ಕಿದ ಪುಟ್ಟ ಫ್ಯಾನ್ ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಬಾಯಿಂದ ಊದುವುದೂ ಬೇಡ, ಉಸಿರಿನಲ್ಲಿ ತೇವವಿದೆ, ಎಂಜಲು ಹಾರುತ್ತದೆ. ಕೈಯಲ್ಲಿ ಹಿಡಿಯುವ ಚಿಕ್ಕ ರಬ್ಬರ್ ಬ್ಲೋವರ್ ಅಥವಾ ಡಬ್ಬಿಯಲ್ಲಿ ಬರುವ ಗಾಳಿ ಸಾಕು. ಲ್ಯಾಪ್‌ಟಾಪ್ ಪೂರ್ತಿ ಆಫ್ ಆಗಿರಲಿ, ಚಾರ್ಜರ್ ತೆಗೆದಿರಲಿ, ಚಿಕ್ಕ ಚಿಕ್ಕ ಹೊಡೆತ ಕೊಡಿ. ಜಿಡ್ಡು ಹಿಡಿದ ಪದರ ಇಷ್ಟಕ್ಕೆ ಬರುವುದಿಲ್ಲ. ಅಡಿ ಬಿಚ್ಚಿ ಬ್ರಷ್‌ನಿಂದ ತೆಗೆಯಬೇಕು. ವಾರಂಟಿ ಇದ್ದರೆ ಸರ್ವಿಸ್‌ನವರಿಂದ, ಇಲ್ಲದಿದ್ದರೆ ಊರಿನ ನುರಿತ ಕಂಪ್ಯೂಟರ್ ರಿಪೇರಿಯವರಿಂದ ಮಾಡಿಸಿ. ಸೌದೆ ಒಲೆಯ ಮನೆಯಾದರೆ ಅಡಿಕೆ ಸುಲಿತ ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು, ವರ್ಷಕ್ಕೊಂದು ಸಲ ಮಾಡಿಸುವುದು ಒಳ್ಳೆಯದು.

ಬಿಚ್ಚಿದಾಗ ಯಂತ್ರ ಮೂರ್ನಾಲ್ಕು ವರ್ಷದ್ದಾಗಿದ್ದರೆ ಥರ್ಮಲ್ ಪೇಸ್ಟ್ ಬದಲಿಸಿ ಎಂದು ಕೇಳಿ. ಚಿಪ್ಪಿಗೂ ತಾಮ್ರಕ್ಕೂ ನಡುವಿನ ಕಣ್ಣಿಗೆ ಕಾಣದ ಸಂದು ತುಂಬಲು ಹಚ್ಚಿದ ಮುಲಾಮು ಅದು, ಕಾಲ ಕಳೆದಂತೆ ಒಣಗುತ್ತದೆ. ಅದರ ಬದಲು ಹಲ್ಲುಜ್ಜುವ ಪೇಸ್ಟ್ ಹಚ್ಚಿದರೂ ನಡೆಯುತ್ತದೆ ಎಂಬ ವಿಡಿಯೊ ನೋಡಿರಬಹುದು. ಅದರಲ್ಲಿರುವ ನೀರು ಇರುವಷ್ಟು ಹೊತ್ತು ಅದು ಕೆಲಸ ಮಾಡುತ್ತದೆ, ನಿಜ. ಆಮೇಲೆ ಸುಣ್ಣದ ಹೆಕ್ಕಳೆಯಂತಾಗಿ ಶಾಖಕ್ಕೇ ಅಡ್ಡ ನಿಲ್ಲುತ್ತದೆ. ವಿಡಿಯೊ ಮುಗಿಯುವುದು ಅದಕ್ಕಿಂತ ಮುಂಚೆಯೇ.

ಇನ್ನು ದುಡ್ಡಿಲ್ಲದ ಉಪಾಯ. ಹಾಸಿಗೆ, ದಿಂಬು, ಕಂಬಳಿ, ಸೋಫಾ ಯಾವುದರ ಮೇಲೂ ಬೇಡ, ಅಡಿಯ ಕಿಂಡಿ ಮುಚ್ಚಿಹೋಗುತ್ತದೆ. ಊಟದ ಮಣೆ ಇದೆಯಲ್ಲ, ಅದರ ಮೇಲಿಡಿ. ಗಟ್ಟಿ, ಸಮತಟ್ಟು, ಕೂತು ಕೆಲಸ ಮಾಡುವವರಿಗೆ ಎತ್ತರವೂ ಹದ. ಹಿಂಬದಿಯ ಎರಡು ಮೂಲೆಗೆ ಬಾಟಲಿ ಮುಚ್ಚಳ ಕೊಟ್ಟು ಒಂದು ಬೆರಳಷ್ಟು ಎತ್ತರಿಸಿದರೆ ಗಾಳಿ ಇನ್ನೂ ಸರಾಗ. (ಗೋಟಡಿಕೆ ಇಡಬೇಡಿ, ಉರುಳುತ್ತದೆ.) ಅಂಗಡಿಯಲ್ಲಿ ಸಿಗುವ ಫ್ಯಾನ್ ಇರುವ ಕೂಲಿಂಗ್ ಪ್ಯಾಡ್ ಮೋಸವೇನಲ್ಲ, ಕೆಲವು ಡಿಗ್ರಿ ಇಳಿಸಬಹುದು. ಅದೂ ಲ್ಯಾಪ್‌ಟಾಪಿನ ಕಿಂಡಿ ಅಡಿಯಲ್ಲಿದ್ದರೆ ಮಾತ್ರ. ಒಳಗೆ ದೂಳು ಕಟ್ಟಿದ್ದರೆ ಅದಕ್ಕೆ ಕೊಟ್ಟ ದುಡ್ಡು ದಂಡ.

ಕರೆಂಟ್ ಬಂದ ಮೇಲೆ ಕೂಗುವುದೇಕೆ?

ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ, ನೆಟ್ ಇಲ್ಲ. ಮೂರನೆಯ ದಿನ ಎಲ್ಲ ಬಂತು, ಲ್ಯಾಪ್‌ಟಾಪ್ ತೆರೆದರೆ ಏನೂ ಮಾಡದಿದ್ದರೂ ಫ್ಯಾನ್ ಭೋರ್ಗರೆಯುತ್ತಿದೆ. ‘ಲೋ ವೋಲ್ಟೇಜಿಗೆ ಸುಟ್ಟಿತು’ ಎನ್ನುವವರುಂಟು. ಅಡಾಪ್ಟರ್ ಮೇಲಿನ ಬರಹ ಓದಿ, ಹೆಚ್ಚಿನವುಗಳಲ್ಲಿ 100ರಿಂದ 240 ವೋಲ್ಟ್ ಎಂದಿರುತ್ತದೆ. ಬಲ್ಬು ಮಂಕಾಗುವ 160 ವೋಲ್ಟಿನಲ್ಲೂ ಅದು ತನ್ನ ಕೆಲಸ ಮಾಡುತ್ತದೆ, ತುಸು ಬೆಚ್ಚಗಾಗಬಹುದು ಅಷ್ಟೆ. ಸುಡುವುದು ಏಪ್ರಿಲ್-ಮೇ ತಿಂಗಳ ಸಿಡಿಲು. ಗುಡುಗು ಕೇಳಿದೊಡನೆ ಚಾರ್ಜರನ್ನೂ ನೆಟ್ ಕೇಬಲನ್ನೂ ಕಿತ್ತುಬಿಡಿ.

ಆ ಮೂರನೆಯ ದಿನದ ಗದ್ದಲಕ್ಕೆ ಕಾರಣ ಬಾಕಿ ಕೆಲಸ. ವಿಂಡೋಸ್ ಅಪ್‌ಡೇಟ್, ಆಂಟಿವೈರಸ್, ಕ್ಲೌಡ್‌ಗೆ ಹೋಗಬೇಕಾದ ಫೋಟೊಗಳು ಎಲ್ಲವೂ ಒಟ್ಟಿಗೆ ಎದ್ದಿರುತ್ತವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಿಪಿಯು ಎಂಬ ಕಾಲಮ್ಮಿನ ಮೇಲೆ ಒತ್ತಿದರೆ ಹೆಚ್ಚು ದುಡಿಸುತ್ತಿರುವ ಪ್ರೋಗ್ರಾಮ್ ಮೇಲೆ ಬರುತ್ತದೆ. ಅಪ್‌ಡೇಟ್ ಆದರೆ ಒಂದರ್ಧ ಗಂಟೆ ಬಿಟ್ಟುಬಿಡಿ, ತಾನೇ ಸುಮ್ಮನಾಗುತ್ತದೆ. ಹೆಸರೇ ಕೇಳದ ಪ್ರೋಗ್ರಾಮ್ ದಿನಗಟ್ಟಲೆ ಮೇಲೆಯೇ ಕೂತಿದ್ದರೆ ಅನುಮಾನಿಸಿ. ಕದ್ದು ಕ್ರಿಪ್ಟೊ ಹಣ ಗಣಿ ಮಾಡುವ ಕುತಂತ್ರಾಂಶಗಳಿವೆ, ಕಳ್ಳ ಸಾಫ್ಟ್‌ವೇರ್‌ಗಳ ಜೊತೆ ಅವು ಒಳಬರುತ್ತವೆ. ಆಂಟಿವೈರಸ್‌ನಿಂದ ಪೂರ್ತಿ ಪರೀಕ್ಷೆ ಮಾಡಿಸಿ.

ಸೆಟ್ಟಿಂಗ್ಸ್‌ನ ಪವರ್ ವಿಭಾಗದಲ್ಲಿ ಪವರ್ ಮೋಡ್ ಇರುತ್ತದೆ, ಅದನ್ನು ವಿದ್ಯುತ್ ಉಳಿಸುವ ಆಯ್ಕೆಗೆ ಇಳಿಸಿ. ಚಿಪ್ ತುಸು ನಿಧಾನವಾದರೆ ಅದಕ್ಕೆ ಕೊಡಬೇಕಾದ ವೋಲ್ಟೇಜೂ ಇಳಿಯುತ್ತದೆ. ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ವೇಗದ ನಷ್ಟಕ್ಕಿಂತ ತಂಪಿನ ಲಾಭ ದೊಡ್ಡದು. ಟೈಪ್ ಮಾಡುವಾಗ, ಮೀಟಿಂಗ್ ಕೇಳುವಾಗ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಇನ್ನು ‘ಕೂಲರ್ ಆಪ್’ಗಳ ಬಗ್ಗೆ ಒಂದೇ ಮಾತು: ಫೋನ್ ಆಗಲಿ, ಲ್ಯಾಪ್‌ಟಾಪ್ ಆಗಲಿ, ಆಪ್ ಎನ್ನುವುದು ಚಿಪ್ಪಿಗೆ ಇನ್ನೊಂದು ಕೆಲಸ. ಹಿಮದ ಚಿತ್ರ ತೋರಿಸಿದರೆ ತಂಪಾಗುವುದಿಲ್ಲ.

ತೊಡೆಯ ಮೇಲಿಟ್ಟರೆ?

‘ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ರೇಡಿಯೇಷನ್‌ನಿಂದ ಮಕ್ಕಳಾಗುವುದಿಲ್ಲ’ ಎನ್ನುವ ಸಂದೇಶದಲ್ಲಿ ಒಂದು ಎಳೆ ನಿಜ, ಉಳಿದದ್ದು ಹೆದರಿಕೆ. ನ್ಯೂಯಾರ್ಕಿನ ಮೂತ್ರರೋಗ ತಜ್ಞ ಯೆಫಿಮ್ ಶೇನ್‌ಕಿನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 29 ಆರೋಗ್ಯವಂತ ಗಂಡಸರನ್ನು ಒಂದು ಗಂಟೆ ಹಾಗೆ ಕೂರಿಸಿ ಅಳೆದರು. ವೃಷಣಚೀಲದ ಉಷ್ಣತೆ 2.8 ಡಿಗ್ರಿಯವರೆಗೆ ಏರಿತು. ತೊಡೆಗಳನ್ನು ಒತ್ತಿ ಕೂರುವುದರಿಂದಲೇ ಅದರಲ್ಲಿ ಒಂದು ಪಾಲು ಏರುತ್ತದೆ, ಉಳಿದದ್ದು ಯಂತ್ರದ ಬಿಸಿ. ವೀರ್ಯಾಣು ಉತ್ಪತ್ತಿಗೆ ದೇಹಕ್ಕಿಂತ ಕಡಿಮೆ ಉಷ್ಣತೆ ಬೇಕಾದ್ದರಿಂದ ಮಕ್ಕಳಿಗಾಗಿ ಪ್ರಯತ್ನಿಸುತ್ತಿರುವವರು ಗಂಟೆಗಟ್ಟಲೆ ತೊಡೆಯ ಮೇಲಿಡದಿರುವುದು ಜಾಣತನ. ಆದರೆ ಆ ಅಧ್ಯಯನ ಅಳೆದದ್ದು ಉಷ್ಣತೆಯನ್ನು, ಮಕ್ಕಳಾಗದಿರುವುದನ್ನಲ್ಲ.

ಹೆಣ್ಣು ಗಂಡೆನ್ನದೆ ಎಲ್ಲರಿಗೂ ಆಗಬಹುದಾದದ್ದು ಚರ್ಮದ ತೊಂದರೆ. ಸುಡದಷ್ಟು ಬಿಸಿ, ಸುಮಾರು 43ರಿಂದ 47 ಡಿಗ್ರಿ, ಒಂದೇ ಜಾಗಕ್ಕೆ ದಿನವೂ ತಾಗುತ್ತಿದ್ದರೆ ಅಲ್ಲಿ ಬಲೆಯಂಥ ಕಂದು ಗೆರೆಗಳು ಮೂಡುತ್ತವೆ. ಇದು ಹೊಸ ರೋಗವಲ್ಲ. ಒಲೆಯ ಮುಂದೆ ಗಂಟೆಗಟ್ಟಲೆ ಕಾಲು ಕಾಯಿಸುತ್ತಿದ್ದವರ ಮೊಣಕಾಲಿನ ಕೆಳಗೆ ಇಂಥದೇ ಗುರುತು ಬರುತ್ತಿತ್ತು. ಲ್ಯಾಪ್‌ಟಾಪಿನಿಂದ ಅದು ತೊಡೆಗೆ ಬಂದಿದೆ. ನೋವಿಲ್ಲದ್ದರಿಂದ ಗಮನಕ್ಕೆ ಬರುವುದು ತಡ. ಬಿಸಿಯಿಂದ ದೂರವಿದ್ದರೆ ಹೆಚ್ಚಿನವರಲ್ಲಿ ಮೆಲ್ಲಗೆ ಮಾಸುತ್ತದೆ. ಮಾಸದಿದ್ದರೆ, ಹುಣ್ಣಾದರೆ ಚರ್ಮದ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆಯಾದವರು ಲ್ಯಾಪ್‌ಟಾಪನ್ನು ಮೈಮೇಲೆ ಇಟ್ಟುಕೊಳ್ಳಲೇಬಾರದು.

ನಿಜವಾಗಿ ಹೆದರಬೇಕಾದ್ದು

ಚಿಪ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ ಎಂದೆವು. ಲಿಥಿಯಂ ಬ್ಯಾಟರಿಗೆ ಅಷ್ಟು ಚೆನ್ನಾಗಿ ಅದು ಸಾಧ್ಯವಿಲ್ಲ. 2006ರಲ್ಲಿ ಬೆಂಕಿಯ ಅಪಾಯದಿಂದಾಗಿ ಡೆಲ್ ಕಂಪನಿ ಸೋನಿ ತಯಾರಿಸಿದ 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. 2019ರಲ್ಲಿ ಆಪಲ್ ತನ್ನ ಕೆಲವು ಹಳೆಯ 15 ಇಂಚಿನ ಮ್ಯಾಕ್‌ಬುಕ್ ಪ್ರೊಗಳ ಬ್ಯಾಟರಿಯನ್ನು ವಾಪಸ್ ಕರೆಸಿದಾಗ, ಅವುಗಳನ್ನು ವಿಮಾನದಲ್ಲಿ ಒಯ್ಯಬೇಡಿ ಎಂದು ಭಾರತದ ನಾಗರಿಕ ವಿಮಾನಯಾನ ನಿರ್ದೇಶನಾಲಯ ಪ್ರಯಾಣಿಕರಿಗೆ ಸೂಚಿಸಿತು. ಇವು ತಯಾರಿಕೆಯ ದೋಷಗಳು. ದೋಷವಿಲ್ಲದ ಬ್ಯಾಟರಿಯೂ ಸದಾ ಶೇ 100ರಷ್ಟು ತುಂಬಿ, ಸದಾ ಬಿಸಿಯಲ್ಲಿ ಕೂತಿದ್ದರೆ ಬೇಗ ಮುಪ್ಪಾಗಿ ಒಳಗೆ ಅನಿಲ ತುಂಬಿ ಊದಿಕೊಳ್ಳುತ್ತದೆ.

ಕರೆಂಟ್ ನೆಚ್ಚುವಂತಿಲ್ಲದ ಊರಿನಲ್ಲಿ ಚಾರ್ಜರ್ ಚುಚ್ಚಿಯೇ ಇಡುವುದು ಅಭ್ಯಾಸ, ಅದನ್ನು ತಪ್ಪೆನ್ನುವುದು ಕಷ್ಟ. ಹೆಚ್ಚಿನ ಕಂಪನಿಗಳ ಲ್ಯಾಪ್‌ಟಾಪಿನಲ್ಲಿ ಚಾರ್ಜನ್ನು ಶೇ 80ಕ್ಕೆ ನಿಲ್ಲಿಸುವ ಆಯ್ಕೆ ಇರುತ್ತದೆ. ಅಕ್ಟೋಬರ್‌ನಿಂದ ಮೇವರೆಗೆ ಅದನ್ನು ಹಾಕಿಡಿ, ಮಳೆಗಾಲದಲ್ಲಿ ಬೇಕಿದ್ದರೆ ತೆಗೆಯಿರಿ. ನಾವು ಕೊಡುವ ರಾಜಿಸೂತ್ರ ಇದು.

ಟಚ್‌ಪ್ಯಾಡ್ ಮೇಲೆದ್ದಿದೆಯೇ, ಒತ್ತಿದರೆ ಕ್ಲಿಕ್ ಆಗುತ್ತಿಲ್ಲವೇ, ಮುಚ್ಚಳ ಸರಿಯಾಗಿ ಕೂರುತ್ತಿಲ್ಲವೇ, ಸಮತಟ್ಟಾದ ಮೇಜಿನ ಮೇಲೂ ಲ್ಯಾಪ್‌ಟಾಪ್ ತೂಗಾಡುತ್ತಿದೆಯೇ? ಬ್ಯಾಟರಿ ಊದಿರಬಹುದು. ಆ ಕ್ಷಣವೇ ಚಾರ್ಜರ್ ತೆಗೆಯಿರಿ, ಆಫ್ ಮಾಡಿ, ಮತ್ತೆ ಚಾರ್ಜ್ ಮಾಡಬೇಡಿ. ಸೂಜಿಯಿಂದ ಚುಚ್ಚಿ ಗಾಳಿ ಬಿಡುವ ವಿಡಿಯೊ ಬಂದಿದ್ದರೆ ಅದನ್ನು ಅಳಿಸಿ, ಯಾರಿಗೂ ಕಳಿಸಬೇಡಿ. ಚುಚ್ಚಿದರೆ ಹೊತ್ತಿಕೊಳ್ಳುತ್ತದೆ, ಬರುವ ಹೊಗೆಯೂ ವಿಷ. ಮರದ ಅಟ್ಟ, ಮರದ ತೊಲೆಯ ಮನೆಯಲ್ಲಿ ಆ ಪ್ರಯೋಗ ಬೇಡ. ಬಿಚ್ಚುವ ಕೆಲಸ ತಿಳಿದವರಿಗೆ ಬಿಡಿ. ಹಳೆಯ ಬ್ಯಾಟರಿಯನ್ನು ತೋಟದ ಗುಂಡಿಗೆ, ಗೊಬ್ಬರದ ರಾಶಿಗೆ, ಒಲೆಗೆ ಎಸೆಯುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆ ಉತ್ಪಾದಕರದು. ಹಾಗಾಗಿ ಸರ್ವಿಸ್ ಸೆಂಟರಿಗೆ ಮೊದಲೇ ಫೋನ್ ಮಾಡಿ, ಬ್ಯಾಟರಿ ಊದಿದೆ ಎಂದು ತಿಳಿಸಿ, ಹೇಗೆ ತರಬೇಕೆಂದು ಕೇಳಿ. ಅಲ್ಲಿಯವರೆಗೆ, ಬಿಚ್ಚಿಸಿದ ಬ್ಯಾಟರಿಯಾದರೆ ಒಣ ಮರಳು ಹಾಕಿದ ಮಣ್ಣಿನ ಮಡಕೆಯಲ್ಲಿಟ್ಟು, ಮಳೆ ಬೀಳದ, ಬಿಸಿಲು ತಾಗದ, ಕಟ್ಟಿಗೆಯಾಗಲಿ ಅಡಿಕೆ ಸಿಪ್ಪೆಯಾಗಲಿ ಹತ್ತಿರವಿಲ್ಲದ ಕಡೆ ಮನೆಯಿಂದ ಹೊರಗಿಡಿ.